ಬಂಡೆ ಹತ್ತುವ ಮಗುವಿನ ಕೈ ಹಿಡಿಯಬೇಡಿ

ಗೋಕರ್ಣದ ಓಂ ಬೀಚಿನ ನಡುಬಂಡೆಯಲ್ಲಿ ಭಾನುವಾರ ಕಾಣುವುದು ಇದೇ ನೋಟ. ಅಪ್ಪ ಮೇಲೆ ನಿಂತು "ಬಾ ಪುಟ್ಟಾ, ನಾನಿದ್ದೀನಲ್ಲ" ಎಂದು ಮಗುವಿನ ಒಂದು ಕೈ ಹಿಡಿದು ಎಳೆಯುತ್ತಿರುತ್ತಾರೆ. ಅಮ್ಮ ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಯುತ್ತಿರುತ್ತಾರೆ.

ಮರಳಿನ ಮೇಲೆ, ನೀರಿನಂಚಿನಲ್ಲಿ ಕೈ ಹಿಡಿಯಿರಿ. ಬಂಡೆಯ ಮೇಲೆ ಬೇಡ. ನಾಲ್ಕೈದು ವರ್ಷದ ಮಗು ಕೈಕಾಲು ನಾಲ್ಕನ್ನೂ ಊರಿ ಹತ್ತುತ್ತದೆ. ಅದರಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು. ಒಂದು ಕೈ ನೀವು ಕಸಿದುಕೊಂಡಿರಿ, ಮಗು ಒಂದು ಕಾಲೆತ್ತಿತು, ಉಳಿದದ್ದು ಎರಡೇ. ಜಾರಿದರೆ ಇಡೀ ಭಾರ ಆ ತೋಳಿನ ಮೇಲೆ. ಐದರೊಳಗಿನ ಮಕ್ಕಳಿಗೆ ಮೊಣಕೈ ಕೀಲು ಇಷ್ಟಕ್ಕೇ ತಪ್ಪಬಹುದು. ತೋಳು ಇಳಿಬಿಟ್ಟು, ಆಡಿಸಲಾಗದೆ ಅತ್ತರೆ ಉಜ್ಜುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಿಮ್ಮ ಜಾಗ ಕೆಳಗೆ. ಕಾಲಗಲಿಸಿ ನಿಂತು, ಅಂಗೈಯನ್ನು ಮಗುವಿನ ಸೊಂಟದ ಹಿಂದೆ ನಾಲ್ಕು ಬೆರಳು ದೂರದಲ್ಲಿಡಿ. ಮುಟ್ಟಿದರೆ ಮಗು ಕಲ್ಲು ಬಿಟ್ಟು ನಿಮಗೆ ಒರಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಇಳಿಯುವಾಗ. ಹತ್ತುವಾಗ ಕೈಯಿಡುವ ಜಾಗ ಕಣ್ಣೆದುರಿಗಿರುತ್ತದೆ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಮೊದಲು ಮಗುವಿನ ಎದೆಮಟ್ಟದ ಕಲ್ಲಿನಿಂದ ಇಳಿಸಿ ನೋಡಿ: ಕಲ್ಲಿಗೆ ಮುಖಮಾಡಿ, ಮಂಚದಿಂದ ಇಳಿಯುವ ಹಾಗೆ ಹೊಟ್ಟೆಯ ಮೇಲೆ ಜಾರುತ್ತ. "ಎಡಗಾಲು ಇನ್ನೊಂಚೂರು ಕೆಳಗೆ" ಎನ್ನಿ. ಸಿಗದಿದ್ದರೆ ಹಿಮ್ಮಡಿ ಹಿಡಿದು ಸಂದಿಗೆ ಕೂರಿಸಿ. ಇಷ್ಟು ಬಾರದ ಮಗು ಅದಕ್ಕಿಂತ ಮೇಲೆ ಹೋಗಕೂಡದು, ಎಷ್ಟೇ ಹಟ ಮಾಡಲಿ.

ಹಸಿರು ಪಾಚಿಗೆ ಎಲ್ಲರೂ ಹೆದರುತ್ತಾರೆ. ಬೀಳಿಸುವುದು ಕಪ್ಪು ಪಸೆ: ಒಣಗಿದ್ದರೆ ಬರೀ ಕಲೆ, ಅಲೆ ತಾಗಿದರೆ ಸೋಪು. ಬಿಳಿ ಚಿಪ್ಪು ಕಚ್ಚಿದ ಕಲ್ಲು ಅಷ್ಟಾಗಿ ಜಾರದು, ಮಂಡಿ ಮಾತ್ರ ಕುಯ್ಯುತ್ತದೆ. ಕ್ರಾಕ್ಸ್ ಬೇಡ, ಲೇಸಿನ ಹಳೇ ಕ್ಯಾನ್ವಾಸ್ ಶೂ ಸಾಕು.

ಬುಡದಲ್ಲಿ ಮರಳಿರುವ ಬಂಡೆ ಆರಿಸಿ. ಉಳ್ಳಾಲದ ಹತ್ತಿರದ ಸೋಮೇಶ್ವರ ಬೀಚಿನ ರುದ್ರಶಿಲೆಯಂಥ, ಅಲೆ ಬಡಿಯುವ ಬಂಡೆಗಳು ಮಕ್ಕಳಿಗಲ್ಲ. ಮಳೆಗಾಲದಲ್ಲಂತೂ ಈ ಮಾತೇ ಬೇಡ. ಬೇರೆ ದಿನಗಳಲ್ಲಿ ಕಡಲಿನ ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಹೋಗಿ, ನೀರು ತಿರುಗುತ್ತಲೇ ಮರಳಿಗೆ ಬನ್ನಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ನಿನ್ನೆಯ ಗಂಟೆ ಇವತ್ತಿಗೆ ನಡೆಯದು. ಹತ್ತುವ ಮುನ್ನ ಕಾಲು ಗಂಟೆ ಕೂತು ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೆಂದು ನೋಡಿ. ಆ ಹೊತ್ತಿಗೆ ಮಗುವಿಗೆ ಚಕ್ಕುಲಿ ತಿನ್ನಿಸಿ. ಹಸಿದ ಮಗು ಇಳಿಯುವಾಗ ಅರ್ಧದಲ್ಲಿ ಕೂತುಬಿಡುತ್ತದೆ.