ಮರವೇ ಇಲ್ಲದ ಕಾಡಿಗೊಂದು ಮ್ಯಾಪು

ಕಾಡು ಅಂದ ತಕ್ಷಣ ನಮಗೆ ಕಣ್ಮುಂದೆ ಬರೋದು ಮರ. ಆದ್ರೆ ಕಾಡುಹಂದಿ, ಕಾಡುಮಲ್ಲಿಗೆ, ಅಷ್ಟೇ ಯಾಕೆ ಕಾಡುಹರಟೆ ಅಂತೀವಲ್ಲ, ಅಲ್ಲಿ ಮರ ಎಲ್ಲಿದೆ? ಅಲ್ಲಿ ಕಾಡು ಅಂದ್ರೆ ಯಾರೂ ನೆಟ್ಟಿದ್ದಲ್ಲ, ಸಾಕಿದ್ದಲ್ಲ, ಯಾರ ಹಿಡಿತದಲ್ಲೂ ಇಲ್ಲ ಅಂತ. ಇಂಗ್ಲಿಷಿನವರ ವೈಲ್ಡರ್ನೆಸ್ ಈ ಎರಡನೇ ಅರ್ಥಕ್ಕೆ ಹತ್ತಿರ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ನ್ಯಾಷನಲ್ ಪಾರ್ಕ್ ಫೋಟೋ ನೋಡಿದ್ರೆ ಇದು ಗೊತ್ತಾಗುತ್ತೆ, ಬೋಳು ಬೆಟ್ಟ, ಮಂಡಿ ಮಟ್ಟದ ಹೆದರ್ ಅನ್ನೋ ಕುರುಚಲು ಗಿಡ, ಮಂಜು, ಗಾಳಿ, ಮೈಲಿಗಟ್ಟಲೆ ಒಂದು ಮರ ಇಲ್ಲ, ಆದ್ರೂ ಅಲ್ಲಿಗೆ ಹೋದವರು "ಎಂಥಾ ಕಾಡು ಜಾಗ" ಅಂತ ಮೈಮರೀತಾರೆ.

2003ರಲ್ಲಿ ಆಗಿದ್ದು ಈ ಪಾರ್ಕು, ಈಗ ಸುಮಾರು 4,528 ಚದರ ಕಿಲೋಮೀಟರ್, ಬ್ರಿಟನ್‌ನಲ್ಲೇ ದೊಡ್ಡದು. ಒಳಗೆ ಊರುಗಳಿವೆ, ಸ್ಕೀ ಮಾಡೋ ಜಾಗಗಳಿವೆ, 2001ರಲ್ಲಿ ಶುರುವಾದ ಬೆಟ್ಟ ಹತ್ತೋ ರೈಲೂ ಇದೆ. ಹಾಗಾದ್ರೆ ಇದರಲ್ಲಿ ಕಾಡುತನ ಎಲ್ಲಿ ಎಷ್ಟಿದೆ ಅಂತ ಗುರುತು ಮಾಡೋದು ಹೇಗೆ? ಎತ್ತರ ಅಳೀಬಹುದು, ಮಳೆ ಅಳೀಬಹುದು, ಇದು ಮನುಷ್ಯನ ಒಳಗಿನ ಅನಿಸಿಕೆ, ಇದಕ್ಕೆ ಯಾವ ಅಳತೆಪಟ್ಟಿ ಹಿಡೀತೀರಾ?

ಇದಕ್ಕೆ ಒಂದು ಒಳ್ಳೇ ಉಪಾಯ ಬಂದಿದ್ದು ನ್ಯೂಜಿಲೆಂಡಿನಿಂದ. 1990ರ ದಶಕದ ಶುರುವಲ್ಲಿ ಕ್ಲಿಸ್ಕಿ ಮತ್ತೆ ಕಿಯರ್ಸ್ಲಿ ಅನ್ನೋ ಇಬ್ಬರು ಭೂಗೋಳದ ಸಂಶೋಧಕರು ದಕ್ಷಿಣ ದ್ವೀಪದ ವಾಯವ್ಯ ಮೂಲೆಯಲ್ಲಿ (1996ರಲ್ಲಿ ಕಹುರಂಗಿ ನ್ಯಾಷನಲ್ ಪಾರ್ಕ್ ಆಗಿದ್ದು ಆ ಕಡೆಯೇ) ನಡೆಯೋಕೆ ಬಂದವರನ್ನೇ ಕೇಳಿದ್ರು. ಕಾಡಲ್ಲಿ ತಂಗೋ ಗುಡಿಸಲು ಇರಬಹುದಾ, ಹೊಳೆಗೆ ಸೇತುವೆ ಇರಬಹುದಾ, ರಸ್ತೆ ಎಷ್ಟು ದೂರ ಇರಬೇಕು, ಬೇರೆ ಜನ ಸಿಕ್ಕಿದ್ರೆ ಬೇಜಾರಾ, ಹಿಂಗೆ. ಉತ್ತರ ನೋಡ್ಕೊಂಡು ಜನರನ್ನ ನಾಲ್ಕು ಗುಂಪು ಮಾಡಿದ್ರು. ಒಂದು ತುದಿಯಲ್ಲಿ ಮಡಿವಂತರು, ಮನುಷ್ಯನ ಕೈ ಸೋಕಿದ್ದೇನೂ ಕಣ್ಣಿಗೆ ಬೀಳಬಾರದು ಅನ್ನೋರು. ಇನ್ನೊಂದು ತುದಿಯಲ್ಲಿ, ಗುಡಿಸಲಿದ್ರೆ ಒಳ್ಳೇದೇ ಆಯ್ತಲ್ಲ ಅನ್ನೋರು. ಆಮೇಲೆ ಒಂದೊಂದು ಗುಂಪಿನ ಉತ್ತರಾನ ದೂರದ ಲೆಕ್ಕಕ್ಕೆ ತಂದು, ಒಂದೇ ಜಾಗಕ್ಕೆ ನಾಲ್ಕು ಮ್ಯಾಪು ಬರೆದ್ರು. ಮಡಿವಂತರ ಮ್ಯಾಪಲ್ಲಿ ಕಾಡು ಅಂತ ಉಳಿಯೋದು ರಸ್ತೆ ಗುಡಿಸಲು ಎಲ್ಲ ಬಿಟ್ಟು ಮಿಕ್ಕ ತುಣುಕುಗಳು, ಉದಾರಿಗಳ ಮ್ಯಾಪಲ್ಲಿ ಹೆಚ್ಚುಕಮ್ಮಿ ಇಡೀ ಸೀಮೆನೇ ಕಾಡು. ಬೆಟ್ಟ ಅದೇ, ಹೊಳೆ ಅದೇ, ನೋಡೋ ಕಣ್ಣು ಮಾತ್ರ ಬೇರೆ. ನ್ಯೂಜಿಲೆಂಡಲ್ಲಿ ಸರ್ಕಾರದ ಇಲಾಖೆ ನೋಡ್ಕೊಳ್ಳೋ ಇಂಥ ಗುಡಿಸಲುಗಳೇ ಒಂಬೈನೂರಕ್ಕಿಂತ ಜಾಸ್ತಿ ಇವೆ, ಹಾಗಾಗಿ ಅಲ್ಲಿ ಇದು ಸಣ್ಣ ಜಗಳ ಅಲ್ಲ.

ಕೇರ್ನ್‌ಗಾರ್ಮ್ಸ್‌ನಲ್ಲಿ ಈ ಕೆಲಸ ಮಾಡಿದ್ದು ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಯ ಸ್ಟೀವ್ ಕಾರ್ವರ್ ಮತ್ತೆ ಜೊತೆಗಾರರು, 2008ರ ಆಸುಪಾಸಲ್ಲಿ. ಅವರು ಕಾಡುತನಾನ ನಾಲ್ಕು ಪದರ ಮಾಡ್ಕೊಂಡ್ರು. ನೆಲದ ಮೇಲಿರೋದು ಎಷ್ಟು ಸಹಜವಾಗಿ ಕಾಣುತ್ತೆ, ಆಧುನಿಕ ಕಟ್ಟಡ ಕಂಬ ರಸ್ತೆ ಕಣ್ಣಿಗೆ ಬೀಳಲ್ವಾ, ನೆಲ ಎಷ್ಟು ಒರಟು, ಗಾಡಿ ಬಿಟ್ಟು ಎಷ್ಟು ಹೊತ್ತು ನಡೀಬೇಕು.

ಕೊನೇದು ಸುಲಭ ಅನ್ಸುತ್ತೆ, ಅಲ್ಲ. ಮ್ಯಾಪಲ್ಲಿ ಐದು ಕಿಲೋಮೀಟರ್ ಅಂದ್ರೆ ಬೆಟ್ಟದಲ್ಲಿ ಐದು ಕಿಲೋಮೀಟರ್ ಅಲ್ಲ ಅಂತ ಒಂದು ಸಲ ಚಾರಣ ಮಾಡಿದವರಿಗೆಲ್ಲ ಗೊತ್ತು. ಅದಕ್ಕೆ ಅವರು 1892ರಲ್ಲಿ ನೇಸ್ಮಿತ್ ಅನ್ನೋ ಸ್ಕಾಟಿಷ್ ಬೆಟ್ಟ ಹತ್ತೋನು ಹಾಕಿಕೊಟ್ಟ ಲೆಕ್ಕ ಹಿಡಿದ್ರು: ಗಂಟೆಗೆ ಸುಮಾರು ಐದು ಕಿಲೋಮೀಟರ್ ನಡಿಗೆ, ಮೇಲೆ ಹತ್ತೋ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಸೇರಿಸು. ನೂರು ವರ್ಷ ದಾಟಿದ ಸೂತ್ರ ಈಗ ಕಂಪ್ಯೂಟರ್ ಒಳಗೆ ಕೂತು, ಪಾರ್ಕಿನ ಪ್ರತಿ ಚಿಕ್ಕ ಚೌಕಕ್ಕೂ ಹತ್ತಿರದ ರಸ್ತೆಯಿಂದ ಎಷ್ಟು ಹೊತ್ತು ಅಂತ ಹೇಳುತ್ತೆ.

ನಂಗೆ ತುಂಬಾ ಹಿಡಿಸಿದ್ದು ಕಣ್ಣಿಗೆ ಬೀಳೋದರ ಲೆಕ್ಕ. ಮುಂಚಿನವರು ರಸ್ತೆಯಿಂದ ಇಷ್ಟು ದೂರ ಅಂದ್ರೆ ಕಾಡು ಅಂತ ಒಂದು ಪಟ್ಟಿ ಎಳೆದು ಮುಗಿಸ್ತಿದ್ರು. ಆದ್ರೆ ರಸ್ತೆ ಅರ್ಧ ಕಿಲೋಮೀಟರಲ್ಲೇ ಇದ್ರೂ ಮಧ್ಯೆ ಒಂದು ದಿಬ್ಬ ಅಡ್ಡ ಬಂದ್ರೆ ನಿಮ್ಮ ಪಾಲಿಗೆ ಅದು ಇಲ್ಲ, ಹತ್ತು ಕಿಲೋಮೀಟರ್ ಆಚೆ ಗಾಳಿಯಂತ್ರ ತಿರುಗ್ತಿದ್ರೆ ಅದು ಇಡೀ ದಿನ ನಿಮ್ಮ ಜೊತೆನೇ ಇರುತ್ತೆ. ಹಾಗಾಗಿ ಪ್ರತಿ ಚೌಕದಲ್ಲೂ ಒಬ್ಬ ಮನುಷ್ಯ ನಿಂತು ಸುತ್ತ ತಿರುಗಿ ನೋಡಿದ ಹಾಗೆ ಲೆಕ್ಕ ಹಾಕಬೇಕು, ಏನೇನು ಕಾಣುತ್ತೆ, ಎಷ್ಟು ದೊಡ್ಡದಾಗಿ ಕಾಣುತ್ತೆ, ಯಾವ ಬೆಟ್ಟ ಮುಚ್ಚುತ್ತೆ ಅಂತೆಲ್ಲ. ಚೌಕಗಳು ಲಕ್ಷಗಟ್ಟಲೆ, ಮಾಮೂಲಿ ಸಾಫ್ಟ್‌ವೇರಲ್ಲಿ ಮಾಡೋಕೆ ಹೋದ್ರೆ ಮುಗಿಯೋ ಕಥೆನೇ ಅಲ್ಲ. ಅದಕ್ಕೆ ನೆಲಾನ ಪುಟ್ಟ ಪುಟ್ಟ ಘನ ತುಂಡುಗಳಾಗಿ ನೋಡೋ ವಾಕ್ಸೆಲ್ ಅನ್ನೋ ವಿಧಾನ ಬಳಸಿದ್ರು, ಹಳೇ ವಿಡಿಯೋ ಗೇಮ್‌ಗಳಲ್ಲಿ ಬೆಟ್ಟ ಕಣಿವೆ ತೋರಿಸೋಕೆ ಇದೇ ಜಾತಿಯ ಉಪಾಯ ಬಳಸ್ತಿದ್ರು.

ಇನ್ನು ಮೊದಲನೇ ಪದರಕ್ಕೆ ಬರೋಣ, ನನ್ನ ಪ್ರಕಾರ ಇಡೀ ಕೆಲಸದ ಗುಟ್ಟು ಅಲ್ಲೇ ಇದೆ. "ಎಷ್ಟು ಸಹಜ" ಅಂತ ಅಲ್ಲ, "ಎಷ್ಟು ಸಹಜವಾಗಿ ಕಾಣುತ್ತೆ" ಅಂತ ಅಳೆದಿದ್ದಾರೆ. ಯಾಕಂದ್ರೆ ಆ ಬೋಳು ಬೆಟ್ಟಗಳಲ್ಲಿ ತುಂಬಾ ಕಡೆ ಅವು ಹುಟ್ಟಾ ಬೋಳು ಅಲ್ಲ. ತೀರಾ ಎತ್ತರದ ತುದಿಗಳಲ್ಲಿ ಮರ ಬೆಳೆಯಲ್ಲ ಸರಿ, ಆದ್ರೆ ಕೆಳಗಿನ ಇಳಿಜಾರುಗಳಲ್ಲಿ ಒಂದು ಕಾಲಕ್ಕೆ ಪೈನ್, ಬರ್ಚ್ ಮರ ಇದ್ವು. ಮರ ಕಡಿದ್ರು, ಕುರಿ ಮೇಯಿಸಿದ್ರು, ಬೇಟೆಗೆ ಅಂತ ರೆಡ್ ಡೀರ್ ಜಿಂಕೆ ಬೆಳೆಯೋಕೆ ಬಿಟ್ರು, ಅವನ್ನ ತಿನ್ನೋ ತೋಳ ಮುಗಿದೇ ಹೋಯ್ತು, ಈಗ ಸಸಿ ತಲೆ ಎತ್ತಿದ್ರೆ ಜಿಂಕೆ ತಿಂದ್ಹಾಕುತ್ತೆ. ಗ್ರೌಸ್ ಅನ್ನೋ ಕೋಳಿ ಜಾತಿ ಹಕ್ಕಿ ಬೇಟೆಗೋಸ್ಕರ ಹೆದರ್ ಗಿಡಕ್ಕೆ ಸರದಿ ಪ್ರಕಾರ ಬೆಂಕಿ ಹಾಕ್ತಾರೆ, ಹೊಸ ಚಿಗುರು ಅದಕ್ಕೆ ಮೇವು. ಅಂದ್ರೆ ಅದು ಒಂಥರಾ ಜಮೀನೇ, ಬೇಲಿ ಇಲ್ಲ ಅಷ್ಟೇ. ಅಲ್ಲಿ ಓಡಾಡೋ ಹಿಮಸಾರಂಗದ ಹಿಂಡು ನೋಡಿ ಆಹಾ ಎಂಥಾ ಕಾಡು ಅಂತ ಫೋಟೋ ತೆಗೀತಾರಲ್ಲ, ಅದನ್ನ 1952ರಲ್ಲಿ ಮಿಕೆಲ್ ಉತ್ಸಿ ಅನ್ನೋ ಸಾಮಿ ಜನಾಂಗದವರು (ಯುರೋಪಿನ ಉತ್ತರ ತುದಿಯಲ್ಲಿ ಹಿಮಸಾರಂಗ ಸಾಕೋ ಜನ) ಸ್ವೀಡನ್ನಿಂದ ತಂದು ಬಿಟ್ಟಿದ್ದು.

ಪರಿಸರ ತಜ್ಞರನ್ನ ಕೇಳಿದ್ರೆ ಇದೆಲ್ಲ ಹಾಳಾದ ನೆಲ ಅಂತಾರೆ. ಆದ್ರೆ ಈ ಮ್ಯಾಪು ತಜ್ಞರ ಮ್ಯಾಪಲ್ಲ. ಸಾವಿರಕ್ಕಿಂತ ಹೆಚ್ಚು ಸ್ಕಾಟ್ಲೆಂಡ್ ನಿವಾಸಿಗಳನ್ನ ಕೇಳಿ, ಯಾವ ಪದರಕ್ಕೆ ಎಷ್ಟು ತೂಕ ಕೊಡಬೇಕು ಅಂತ ಅದರಿಂದ ತೆಗೆದ್ರು. ಪಾರ್ಕಿನ ಒಳಗೇ ಬದುಕೋರ ಅಭಿಪ್ರಾಯ ಬೇರೆ, ದೇಶದವರದ್ದು ಬೇರೆ ಅಂತ ಎರಡು ತೂಕ ಇಟ್ಟು ಬೇರೆ ಬೇರೆ ಮ್ಯಾಪೂ ಮಾಡಿದ್ರು. ಇದು ಸರಿ ಅನ್ಸುತ್ತೆ ನಂಗೆ, ದಿನಾ ಕಿಟಕಿಯಿಂದ ನೋಡೋ ಬೆಟ್ಟ ಒಂದು, ರಜಕ್ಕೆ ಬಂದು ನೋಡೋ ಬೆಟ್ಟ ಇನ್ನೊಂದು.

"ಆಧುನಿಕ" ಅನ್ನೋ ಪದಾನೂ ಸ್ವಲ್ಪ ಗಮನಿಸಿ. ಡಾಂಬರು ರಸ್ತೆ, ವಿದ್ಯುತ್ ಕಂಬ ಕಾಡುತನ ಕಮ್ಮಿ ಮಾಡುತ್ತೆ, ಕಣಿವೆಯಲ್ಲಿ ಚಾವಣಿ ಹೋಗಿ ನಿಂತಿರೋ ಕಲ್ಲುಗೋಡೆ ಕಮ್ಮಿ ಮಾಡಲ್ಲ. ಆ ಗೋಡೆ ಯಾರದ್ದು? 18, 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಜಮೀನ್ದಾರರು ಕುರಿಗೋಸ್ಕರ ಗೇಣಿದಾರರನ್ನ ಊರಿಗೆ ಊರೇ ಎಬ್ಬಿಸಿದ್ರು. ಅಂಥ ಕಣಿವೆಗಳಲ್ಲಿ ಈಗಿನ ನಿರ್ಜನ ಮೌನಕ್ಕೆ ಅದೂ ಒಂದು ಕಾರಣ. ಮ್ಯಾಪು ಅದನ್ನ ಹೇಳಲ್ಲ, ಹೇಳೋಕೆ ಅದನ್ನ ಮಾಡಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಬಂದ ಮ್ಯಾಪಲ್ಲಿ ಇದು ಕಾಡು, ಇದು ಅಲ್ಲ ಅಂತ ಗೆರೆ ಇರಲಿಲ್ಲ, ಬಣ್ಣ ನಿಧಾನಕ್ಕೆ ಗಾಢ ಆಗ್ತಾ ಹೋಗುತ್ತೆ ಅಷ್ಟೇ. ಆದ್ರೆ ಸರ್ಕಾರಕ್ಕೆ ಗೆರೆ ಬೇಕು. ಇದೇ ನಾಲ್ಕು ಪದರದ ವಿಧಾನ ಇಡೀ ಸ್ಕಾಟ್ಲೆಂಡಿಗೆ ಹಾಕಿ 2014ರಲ್ಲಿ 42 ಜಾಗಗಳನ್ನ ಕಾಡುಸೀಮೆ ಅಂತ ಗುರುತು ಮಾಡಿದ್ರು, ಅವತ್ತಿಂದ ಗಾಳಿಯಂತ್ರದ ಕಂಪನಿಗಳಿಗೂ ಬೆಟ್ಟ ಪ್ರೇಮಿಗಳಿಗೂ ಆ ಗೆರೆ ಮೇಲೇ ಜಗಳ. 2023ರಲ್ಲಿ ಬಂದ ಹೊಸ ಯೋಜನಾ ನೀತಿ ಏನಂತು ಅಂದ್ರೆ, ಗೆರೆ ಆಚೆ ಕಟ್ಟಿದ್ದರಿಂದ ಒಳಗೆ ಆಗೋ ಪರಿಣಾಮಕ್ಕೆ ದೊಡ್ಡ ಮಹತ್ವ ಕೊಡಬೇಕಾಗಿಲ್ಲ ಅಂತ. ಹತ್ತು ಕಿಲೋಮೀಟರ್ ಆಚೆಯ ಯಂತ್ರಾನೂ ಕಾಣುತ್ತೆ ಅಂತ ಚೌಕ ಚೌಕಕ್ಕೂ ಲೆಕ್ಕ ಹಾಕಿ ಎಳೆದ ಗೆರೆ, ಈಗ ಅದರಿಂದ ಆಚೆಗೆ ನೋಡೋದೇ ಬೇಡವಂತೆ.