ಆಟೋ ಹಿಂದಿನ ಶಂಕರಣ್ಣ: ಇದು ಯಾವ ಐಕಾನ್?

'ಕಲ್ಚರಲ್ ಐಕಾನ್' (ಒಂದು ಸಮುದಾಯ ತನ್ನ ಗುರುತಾಗಿ ಕಾಣುವ ವ್ಯಕ್ತಿ ಅಥವಾ ವಸ್ತು) ಪಾಠದಲ್ಲಿ ಎರಡು ದಿನ ಒದ್ದಾಡಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ತೊಡಕು ಇದ್ದದ್ದು ಪದದಲ್ಲೇ. ಹಿಂದಿನ ಪಾಠದಲ್ಲಿ ಚಿಹ್ನೆಗಳ ಬಗ್ಗೆ ಬರೆದ ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ ಬಂದಿದ್ದರು (ಪಿಯರ್ಸ್ ಅಲ್ಲ, ದುಡ್ಡಿಡುವ ಪರ್ಸ್ ಥರಾನೇ ಓದಬೇಕು). ಅವರ ಲೆಕ್ಕದಲ್ಲಿ ಮೂಲವನ್ನು ಹೋಲುವ ಚಿಹ್ನೆ ಐಕಾನ್, ಉದಾಹರಣೆಗೆ ಫೋಟೋ. ಮೂಲದ ಜೊತೆ ನೇರ ನಂಟಿದ್ದರೆ ಇಂಡೆಕ್ಸ್: ಬೆಂಕಿಗೆ ಹೊಗೆ. ಬರೀ ರೂಢಿಯ ಮೇಲೆ ನಿಂತಿದ್ದರೆ ಸಿಂಬಲ್: 'ಅ' ಅಕ್ಷರಕ್ಕೂ ಅದರ ಸದ್ದಿಗೂ ಹೋಲಿಕೆಯೇ ಇಲ್ಲ, ಅಲ್ವಾ? ಸರಿ, ಹಾಗಾದರೆ ಒಬ್ಬ ಮನುಷ್ಯ ಐಕಾನ್ ಅಂದರೆ ಅವನು ಯಾವುದನ್ನು ಹೋಲುತ್ತಾನೆ? ಇಲ್ಲೇ ನನ್ನ ಗಾಡಿ ನಿಂತಿತು.

ಬಿಡಿಸಿದ್ದು ಬೆಂಗಳೂರಿನ ಸಿಗ್ನಲ್‌ನಲ್ಲಿ ಮುಂದಿದ್ದ ಆಟೋ. ಹಿಂದೆ ಶಂಕರ್‌ನಾಗ್ ಚಿತ್ರ. ನಿಧಾನವಾಗಿ ನೋಡಿ, ಇಲ್ಲಿ ಎರಡು ಮೆಟ್ಟಿಲಿವೆ. ಸ್ಟಿಕ್ಕರ್ ತೋರಿಸುವುದು ಶಂಕರ್‌ನಾಗ್ ಮುಖವನ್ನು. ಹೋಲಿಕೆ ಇದೆ, ಹಾಗಾಗಿ ಅದು ಪರ್ಸ್ ಹೇಳುವ ಐಕಾನ್. ಶಂಕರ್‌ನಾಗ್ ತೋರಿಸುವುದು ಆಟೋದವರ ಸ್ವಾಭಿಮಾನವನ್ನು. ಸ್ವಾಭಿಮಾನಕ್ಕೆ ಮೂಗು, ಮೀಸೆ ಇಲ್ಲವಲ್ಲ! ಈ ನಂಟು ಜನ ಕಟ್ಟಿದ್ದು. ಅಂದರೆ ಪರ್ಸ್ ಪ್ರಕಾರ ಸಿಂಬಲ್. 'ಕಲ್ಚರಲ್ ಐಕಾನ್' ಅನ್ನುವುದು ಈ ಎರಡನೇ ಮೆಟ್ಟಿಲನ್ನು, ಹೆಸರಿಗಷ್ಟೇ ಐಕಾನ್. ಇವೆರಡನ್ನೂ ಬೆರೆಸಿ ಕಿರುಪರೀಕ್ಷೆಯಲ್ಲಿ ಮಾರ್ಕ್ಸ್ ಕಳೆದುಕೊಂಡಿದ್ದೇನೆ. ನೀವು ಕಳೆದುಕೊಳ್ಳಬೇಡಿ.

ಈ ನಂಟು ಸುಮ್ನೆ ಬಂದದ್ದಲ್ಲ. 1980ರ 'ಆಟೋ ರಾಜ'ದಲ್ಲಿ ಅವರದು ಆಟೋ ಡ್ರೈವರ್ ಪಾತ್ರ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸಿನ್ನೂ 35. ಆ ಮುಖಕ್ಕೆ ಮುಪ್ಪು ಬರಲೇ ಇಲ್ಲ. 'ಮಾಲ್ಗುಡಿ ಡೇಸ್' ನಿರ್ದೇಶಿಸಿದವರೂ ಇವರೇ, ಆದರೆ ಆಟೋ ಹಿಂದೆ ಆ ನಿರ್ದೇಶಕನಿಗೆ ಜಾಗವಿಲ್ಲ. ಐಕಾನ್ ಆಗುವಾಗ ಬದುಕಿನ ಒಂದು ತುಂಡು ಉಳಿದು ಮಿಕ್ಕದ್ದು ಉದುರಿಹೋಗುತ್ತದೆ. ನನಗಂತೂ ಇದು ಬೇಜಾರು.

ಬರೀ ಜನಪ್ರಿಯರೋ, ಐಕಾನೋ ಎಂದು ನೋಡಲು ನನ್ನದೊಂದು ಸುಲಭದ ಅಳತೆ ಇದೆ: ಅವರು ಹೋದಮೇಲೆ ಹುಟ್ಟಿದವರು ಸ್ವಂತ ದುಡ್ಡಲ್ಲಿ ಅವರ ಚಿತ್ರ ಅಂಟಿಸುತ್ತಾರಾ? ಬದುಕಿರುವವರಿಗೆ ಈ ಅಳತೆ ನಡೆಯುವುದಿಲ್ಲ.

ವಸ್ತುಗಳ ಕಥೆಯೂ ಹೀಗೇ. ಸರ್ಕಾರಿ ಕಂಪನಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಶುರುಮಾಡಿತು. 2016ರಲ್ಲಿ ಆ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಬೀರುವಿನಲ್ಲಿರುವ ಅಪ್ಪನ ವಾಚ್ ನನಗೆ ಇಂಡೆಕ್ಸ್, ಅದು ಅವರ ಕೈ ಮುಟ್ಟಿದ್ದು. ಆದರೆ ಎಚ್‌ಎಂಟಿ ಅಂದ ಕೂಡಲೇ ಆ ವಾಚನ್ನು ಕೈಗೆ ಕಟ್ಟದವರಿಗೂ ಮೊದಲ ಸಂಬಳವೋ ಮದುವೆ ಉಡುಗೊರೆಯೋ ನೆನಪಾಗುತ್ತದಲ್ಲ, ಅದು ಎರಡನೇ ಮೆಟ್ಟಿಲು.