ಏರುಮಡಿಯ ತಳಕ್ಕೆ ಎಷ್ಟು ಜಲ್ಲಿ ಹಾಕಬೇಕು?

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಹೋದ ಮಳೆಗಾಲ ಏರುಮಡಿಯ (ನೆಲದಿಂದ ಎತ್ತರಿಸಿ ಕಟ್ಟಿದ ಮಣ್ಣಿನ ಪಾತಿಯ) ಮೆಣಸಿನ ಸಸಿ ಬುಡ ಕೊಳೆತು ಹೋಯಿತು, ಈ ಸಲ ತಳಕ್ಕೆ ಜಲ್ಲಿ ಎಷ್ಟು ಹಾಕಲಿ? ಪ್ರತಿ ವರ್ಷದ ಉತ್ತರವೇ ಈ ವರ್ಷವೂ: ಒಂದು ಬುಟ್ಟಿಯೂ ಬೇಡ.

ಜಲ್ಲಿ ಇದ್ದರೆ ನೀರು ಬೇಗ ಬಸಿಯುತ್ತದೆ ಎಂಬುದು ಸುಳ್ಳು. ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜಲ್ಲಿಯ ದೊಡ್ಡ ಸಂದಿಗೆ ಅದನ್ನು ಕೆಳಗೆಳೆಯುವ ಶಕ್ತಿ ಇಲ್ಲ. ಹಾಗಾಗಿ ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಒಂದಡಿ ಮಡಿಗೆ 4 ಇಂಚು ಜಲ್ಲಿ ಸುರಿದರೆ ಬೇರಿಗೆ ಉಳಿಯುವುದು 8 ಇಂಚು; ತಳದಲ್ಲಿರಬೇಕಾದ ಕೆಸರು ಬೇರಿನ ಮಟ್ಟಕ್ಕೇ ಏರಿ ಕೂರುತ್ತದೆ.

ನಂಬಿಕೆ ಬಾರದಿದ್ದರೆ ಎರಡು ಖಾಲಿ ಬಾಟಲಿಗಳ ತಳಕ್ಕೆ ತೂತು ಮಾಡಿ. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಕೆಳಗೆ ಜಂಬಿಟ್ಟಿಗೆ ಚೂರು, ಮೇಲೆ ಮಣ್ಣು. ಎರಡಕ್ಕೂ ನೀರು ಹೊಯ್ದು ಮಾರನೇ ದಿನ ನೋಡಿ. ಚೂರಿನ ಮೇಲೇ ಮಣ್ಣು ಕಪ್ಪಗೆ ಪಿಚಪಿಚ ಎನ್ನುತ್ತಿರುತ್ತದೆ. "ಅಜ್ಜಿ ಕುಂಡಕ್ಕೆ ಹೆಂಚಿನ ಚೂರು ಹಾಕುತ್ತಿದ್ದರಲ್ಲ" ಎನ್ನುತ್ತೀರಿ. ಹೌದು, ತೂತಿನಿಂದ ಮಣ್ಣು ಉದುರದಿರಲಿ ಎಂದು ಒಂದು ಚೂರು. ಅದು ಬಸಿಯುವುದಕ್ಕಲ್ಲ.

ಮಾಡಬೇಕಾದದ್ದು ಬೇರೆ. ಮಡಿ ಏರಿಸುವ ಮೊದಲು ಅಡಿಯ ಗಟ್ಟಿ ನೆಲವನ್ನು ಪಿಕಾಸಿಯಿಂದ ಸಡಿಲಿಸಿ. ಮಡಿಯ ಬೆನ್ನು ಉಬ್ಬಿರಲಿ. ಬಸಿಗಾಲುವೆ ಮಡಿಯ ತಳಕ್ಕಿಂತ ಆಳಕ್ಕಿದ್ದು, ನೀರು ಹೊರಹೋಗುವ ದಾರಿ ಇರಲಿ. ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆ ಹನಿ ಹೊಡೆದು ಮಣ್ಣು ಗಟ್ಟಿಯಾಗದಂತೆ ಮೇಲೆ ದರಗು, ಅಂದರೆ ಒಣಗಿದ ಎಲೆ, ಹೊದಿಸಿ.

ಎಲ್ಲಿ ಎಷ್ಟು ಎತ್ತರ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ; ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಯಲ್ಲಿ 1,000ದ ಆಸುಪಾಸು. ಆಗುಂಬೆಯಲ್ಲಿ ಮಡಿ ಒಂದೂವರೆ ಅಡಿ ಏರಿಸಿದರೂ ಹೆಚ್ಚಲ್ಲ. ಪೇಟೆಯಲ್ಲಿ ಅಷ್ಟು ಏರಿಸಿದರೆ ಮಾರ್ಚ್‌ ಬಿಸಿಲಿಗೆ ಮಧ್ಯಾಹ್ನದೊಳಗೆ ಮಡಿ ಒಣಗುತ್ತದೆ. ಅರ್ಧ ಅಡಿ ಸಾಕು, ಬೇಸಿಗೆ ಬೆಳೆಗೆ ತಗ್ಗು ಮಡಿಯೇ ವಾಸಿ.

ಒಂದೇ ಮನೆಯ ಜಮೀನಿನಲ್ಲೂ ವ್ಯತ್ಯಾಸ ಇದೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ, ಅಲ್ಲಿ ಇಬ್ಬನಿ ಆರುವುದು ತಡ. ಎಲೆ ಒದ್ದೆಯಾಗಿದ್ದಷ್ಟು ಹೊತ್ತೂ ಟೊಮೆಟೊಗೆ ಅಂಗಮಾರಿಯ (ಎಲೆ ಸುಟ್ಟಂತಾಗುವ ರೋಗ) ಭಯ. ಅದರ ಮಡಿ ಬೆಳಗಿನ ಬಿಸಿಲು ಬೀಳುವ ಪೂರ್ವದ ಇಳಿಜಾರಿನಲ್ಲಿರಲಿ, ತಗ್ಗಿಗೆ ಕೆಸು ಹಾಕಿ.